ನಮ್ಮೂರಿನ ಕೆತ್ತನೆಗಾರ ಥಾಮಸ್ ಬ್ಯೂಯಿಕ್

ನಮ್ಮ ಅಡುಗೆಮನೆಯಲ್ಲಿ ಸಾರಿನ ಪುಡಿ ಹಾಕಿಡುವ ಒಂದು ಸ್ಟೀಲ್ ಡಬ್ಬಿ ಇದೆ. ಅಮ್ಮ ಮದುವೆಯಾಗಿ ಇಂಗ್ಲೆಂಡಿಗೆ ಹೊರಟಾಗ ಅಜ್ಜಿ ಕೊಟ್ಟು ಕಳಿಸಿದ್ದು. ಅದರ ಪಕ್ಕದಲ್ಲಿ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಅಜ್ಜಿಯ ಹೆಸರು ಕೆತ್ತಿದೆ. ಕನ್ನಡ ಶಾಲೆಗೆ ಸೇರಿದ ವರ್ಷ, ಯಾರೂ ಹೇಳಿಕೊಡದೆ ನಾನೇ ಕೂಡಿಸಿ ಓದಿದ ಮೊದಲ ಕನ್ನಡ ಪದ ಅದು. ಊರಿನಲ್ಲಿ ಪಾತ್ರೆ ಅಂಗಡಿಯವರು ಹೆಸರು ಹಾಕಬೇಕಾ ಎಂದು ಕೇಳಿ, ಅಲ್ಲೇ ಕೂತು ಹಾಕಿಕೊಡುತ್ತಾರೆ ಎಂದು ಅಮ್ಮ ಹೇಳಿದ್ದರು. ಲೋಹದ ಮೇಲೆ ಹೆಸರು ಬರೆಯುವುದೂ ಒಂದು ಕೆಲಸ ಎಂದು ನನಗೆ ಗೊತ್ತಾಗಿದ್ದು ಹಾಗೆ.

ಈ ನೆನಪಿನ ಪುಸ್ತಕಕ್ಕೆ ಯಾರಾದರೂ ಒಬ್ಬ ದೊಡ್ಡವರ ಜೀವನ ಬರೆಯಿರಿ ಎಂದು ಟೀಚರ್ ಹೇಳಿದಾಗ ನನ್ನ ಗೆಳೆಯರು ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಎಂದೆಲ್ಲ ಹೆಸರು ಕೊಟ್ಟರು. ನಾನು ನಾವು ವಾಸವಾಗಿರುವ ನ್ಯೂಕಾಸಲ್ ಊರಿನವರನ್ನೇ ಆರಿಸಿಕೊಂಡೆ. ಅವರೂ ಚಮಚದ ಮೇಲೆ, ಗಡಿಯಾರದ ಮೇಲೆ ಹೆಸರು ಕೆತ್ತುತ್ತಾ ಬೆಳೆದವರು. ಆಮೇಲೆ ಅದೇ ಉಳಿಯಿಂದ ಇಂಗ್ಲೆಂಡಿನ ಹಕ್ಕಿ ಪ್ರಾಣಿಗಳನ್ನೆಲ್ಲ ಕೆತ್ತಿದರು. ಅವರೇ ಥಾಮಸ್ ಬ್ಯೂಯಿಕ್.

ಬರೆಯಲು ಕೂತಾಗ ಒಂದು ಕಷ್ಟ ಬಂತು. ಇಂಗ್ಲಿಷಿನಲ್ಲಿ ಮಗುವಿಗೂ ಮುದುಕರಿಗೂ ಒಂದೇ ಪದ. ಕನ್ನಡದಲ್ಲಿ ಅವನು ಎನ್ನಬೇಕೋ ಅವರು ಎನ್ನಬೇಕೋ ತೀರ್ಮಾನ ಮಾಡಬೇಕು. ಟೀಚರನ್ನು ಕೇಳಿದೆ. ನಿನಗೆ ಅವನು ಯಾವಾಗ ಅವರು ಆದರು ಅನ್ನಿಸುತ್ತದೋ ಅಲ್ಲಿಂದ ಬದಲಾಯಿಸು ಎಂದರು. ಹಾಗೇ ಮಾಡಿದ್ದೇನೆ.

ಥಾಮಸ್ ಹುಟ್ಟಿದ್ದು 1753ರ ಆಗಸ್ಟ್‌ನಲ್ಲಿ, ಟೈನ್ ನದಿಯ ದಕ್ಷಿಣ ದಡದ ಚೆರ್ರಿಬರ್ನ್ ಎಂಬ ಸಣ್ಣ ತೋಟದ ಮನೆಯಲ್ಲಿ. ನ್ಯೂಕಾಸಲ್‌ನಿಂದ ಪಶ್ಚಿಮಕ್ಕೆ ಸುಮಾರು 18 ಕಿಲೋಮೀಟರ್. ಅಪ್ಪ ಜಾನ್ ಗೇಣಿಗೆ ಜಮೀನು ಮಾಡುತ್ತಿದ್ದರು, ಜೊತೆಗೆ ಒಂದು ಸಣ್ಣ ಕಲ್ಲಿದ್ದಲು ಗಣಿ ನಡೆಸುತ್ತಿದ್ದರು. ಅಮ್ಮ ಜೇನ್. ಎಂಟು ಮಕ್ಕಳಲ್ಲಿ ಥಾಮಸ್ ಹಿರಿಯವನು.

ಹೊಳೆಯಾಚೆಯ ಓವಿಂಗ್‌ಹ್ಯಾಮ್ ಹಳ್ಳಿಯಲ್ಲಿ ಪಾದ್ರಿಗಳ ಹತ್ತಿರ ಪಾಠ. ಹಳ್ಳಿಯ ಹೆಸರನ್ನು ಬರೆಯುವುದು ಹಾಗೆ, ಇಲ್ಲಿನವರು ಹೇಳುವುದು ಓವಿಂಜಮ್. ಥಾಮಸ್‌ಗೆ ಪಾಠದಲ್ಲಿ ಮನಸ್ಸಿರಲಿಲ್ಲ. ಪುಸ್ತಕದ ಅಂಚಿನಲ್ಲಿ ಖಾಲಿ ಜಾಗ ಇದ್ದಲ್ಲೆಲ್ಲ ಚಿತ್ರ ಬರೆಯುತ್ತಿದ್ದ. ಕಾಗದ ಮುಗಿದರೆ ಸೀಮೆಸುಣ್ಣ ಹಿಡಿದು ಸಮಾಧಿ ಕಲ್ಲುಗಳ ಮೇಲೆ, ಚರ್ಚಿನ ಜಗಲಿಯ ನೆಲದ ಮೇಲೆ, ಮನೆಯ ಒಲೆಯ ಮುಂದಿನ ಹಾಸುಗಲ್ಲಿನ ಮೇಲೆ ಬರೆಯುತ್ತಿದ್ದ. ಹೇಳಿಕೊಡುವವರು ಯಾರೂ ಇರಲಿಲ್ಲ. ನೋಡಿದ್ದನ್ನು ಬರೆಯುವುದು, ಅಷ್ಟೇ.

ಎಲ್ಲ ಹಳ್ಳಿ ಹುಡುಗರ ಹಾಗೆ ಅವನೂ ಹಕ್ಕಿಗೆ ಕಲ್ಲು ಹೊಡೆಯುತ್ತಿದ್ದ. ಒಂದು ದಿನ ಒಂದು ಬುಲ್‌ಫಿಂಚ್ ಹಕ್ಕಿಗೆ ಕಲ್ಲು ತಾಗಿ ಅದು ಕೆಳಗೆ ಬಿತ್ತು. ಎತ್ತಿಕೊಂಡಾಗ ಅದು ಅವನ ಮುಖವನ್ನೇ ನೋಡಿತಂತೆ. ಆಮೇಲೆ ಅವನು ತನ್ನ ಕೈಯಿಂದ ಯಾವ ಹಕ್ಕಿಯನ್ನೂ ಕೊಲ್ಲಲಿಲ್ಲ. ವಯಸ್ಸಾದ ಮೇಲೆ ತನ್ನ ಮಕ್ಕಳಿಗಾಗಿ ಬರೆದಿಟ್ಟ ಆತ್ಮಕಥೆಯಲ್ಲಿ ಈ ಘಟನೆಯನ್ನು ಮರೆಯದೆ ಬರೆದಿದ್ದಾರೆ.

ಹದಿನಾಲ್ಕು ವರ್ಷ ತುಂಬಿದಾಗ, 1767ರ ಅಕ್ಟೋಬರ್ 1ರಂದು, ಥಾಮಸ್‌ನನ್ನು ನ್ಯೂಕಾಸಲ್‌ನ ಕೆತ್ತನೆಗಾರ ರಾಲ್ಫ್ ಬೀಲ್ಬಿ ಅವರ ಬಳಿ ಕೆಲಸ ಕಲಿಯಲು ಬಿಟ್ಟರು. ಏಳು ವರ್ಷದ ಒಪ್ಪಂದ. ಕಾರ್ಖಾನೆ ಇದ್ದದ್ದು ಸೇಂಟ್ ನಿಕೋಲಸ್ ಚರ್ಚಿನ ಅಂಗಳದ ಪಕ್ಕದಲ್ಲಿ. ಈಗ ಆ ಚರ್ಚು ಕೆಥೆಡ್ರಲ್ ಆಗಿದೆ. ಶನಿವಾರ ಪೇಟೆಗೆ ಹೋದಾಗ ನಾವು ಆ ಮೂಲೆಯ ಮುಂದೆಯೇ ಹಾದುಹೋಗುತ್ತೇವೆ.

ಬೀಲ್ಬಿ ಅವರ ಅಂಗಡಿಗೆ ಬರುತ್ತಿದ್ದ ಕೆಲಸಗಳ ಪಟ್ಟಿ ಓದಿದರೆ ನಗು ಬರುತ್ತದೆ. ಬೆಳ್ಳಿ ಚಮಚದ ಮೇಲೆ ಮನೆತನದ ಚಿಹ್ನೆ, ಹಿತ್ತಾಳೆಯ ಗಡಿಯಾರದ ಮುಖ, ಬಾಗಿಲಿನ ಹೆಸರು ಫಲಕ, ಶವಪೆಟ್ಟಿಗೆಯ ಫಲಕ, ಮುದ್ರೆಯುಂಗುರ, ಕತ್ತಿಯ ಅಲಗು, ನಾಯಿಯ ಕೊರಳಪಟ್ಟಿ, ಬ್ಯಾಂಕ್ ನೋಟು. ಯಾರು ಏನು ತಂದರೂ ಇಲ್ಲ ಎನ್ನುತ್ತಿರಲಿಲ್ಲ. ಹೊಸ ಹುಡುಗನ ಪಾಲಿಗೆ ಒರಟು ಕೆಲಸಗಳೇ ಬರುತ್ತಿದ್ದವು. ಹಕ್ಕಿ ಬರೆಯಬೇಕೆಂದು ಬಂದ ಹುಡುಗ ಸತ್ತವರ ಹೆಸರು ಕೆತ್ತುತ್ತಾ ಕೂತ.

ಆ ಕೆಲಸ ಎಷ್ಟು ಕಷ್ಟ ಎಂದು ನನಗೆ ಸ್ವಲ್ಪ ಗೊತ್ತು. ಕಳೆದ ವರ್ಷ ಆರ್ಟ್ ಪರೀಕ್ಷೆಗಾಗಿ ನಾನು ಅಂಗೈಯಗಲದ ಒಂದು ತಾಮ್ರದ ತಗಡಿನ ಮೇಲೆ ಲ್ಯಾಪ್‌ವಿಂಗ್ ಹಕ್ಕಿಯನ್ನು ಕೆತ್ತಲು ಹೊರಟೆ. ಅಮ್ಮ ಅದನ್ನು ನೋಡಿ, ಇದು ನಮ್ಮ ಟಿಟ್ಟಿಭದ ನೆಂಟ ಎಂದರು. ಹುಟ್ಟುಹಬ್ಬದ ದುಡ್ಡಿನಲ್ಲಿ ನಾನು ಹನ್ನೆರಡು ಉಳಿಗಳ ಒಂದು ಅಗ್ಗದ ಸೆಟ್ ಕೊಂಡೆ. ಹನ್ನೆರಡು ಇದ್ದರೆ ಹನ್ನೆರಡು ತರಹದ ಗೆರೆ ಬರುತ್ತದೆ ಎಂದುಕೊಂಡಿದ್ದೆ. ಮೊದಲ ದಿನವೇ ಒಂದರ ಮೊನೆ ಮುರಿಯಿತು. ಇನ್ನೊಂದು ಜಾರಿ ಎಡಗೈ ಹೆಬ್ಬೆರಳಿಗೆ ತಾಗಿತು. ಹಕ್ಕಿಯ ತಲೆಯ ಮೇಲಿನ ಜುಟ್ಟು ಕುತ್ತಿಗೆಯವರೆಗೂ ಇಳಿದು ಬಂತು.

ಆಮೇಲೆ ಆರ್ಟ್ ಟೀಚರ್ ಹೇಳಿಕೊಟ್ಟರು. ಕೆತ್ತನೆಯ ಉಳಿಯನ್ನು ಸುತ್ತಿಗೆಯಿಂದ ಹೊಡೆಯುವುದಿಲ್ಲ. ಅದರ ಹಿಡಿ ಅಣಬೆಯ ಆಕಾರದಲ್ಲಿರುತ್ತದೆ. ಅದನ್ನು ಅಂಗೈಗೆ ಒತ್ತಿಕೊಂಡು, ಹೆಬ್ಬೆರಳನ್ನು ತಗಡಿನ ಮೇಲೆ ಊರಿ, ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ತಗಡಿನ ಕೆಳಗೆ ಮರಳು ತುಂಬಿದ ಚರ್ಮದ ದಿಂಬು ಇರುತ್ತದೆ. ಬಾಗಿದ ಗೆರೆ ಬೇಕೆಂದರೆ ಉಳಿಯನ್ನು ತಿರುಗಿಸಬಾರದು, ಎಡಗೈಯಲ್ಲಿ ತಗಡನ್ನೇ ತಿರುಗಿಸಬೇಕು. ಉಳಿ ಎಷ್ಟು ಆಳ ಹೋಗುತ್ತದೋ ಗೆರೆ ಅಷ್ಟು ದಪ್ಪ. ಹನ್ನೆರಡರಲ್ಲಿ ನನಗೆ ಬೇಕಾಗಿದ್ದು ಮೂರೇ. ಗೆರೆ ಎಳೆಯಲು ಚೌಕ ಮೊನೆಯದು ಒಂದು, ಒತ್ತೊತ್ತಾಗಿ ಸಣ್ಣ ಗೆರೆಗಳಿಗೆ ತೆಳುವಾದದ್ದು ಒಂದು, ಜಾಗ ಖಾಲಿ ಮಾಡಲು ಚಪ್ಪಟೆಯದು ಒಂದು. ಉಳಿದ ದುಡ್ಡನ್ನು ಒಳ್ಳೆಯ ಸಾಣೆಕಲ್ಲಿಗೆ ಹಾಕಬೇಕಿತ್ತು. ಮೊಂಡಾದ ಉಳಿಯೇ ಜಾರುವುದು, ಚೂಪಾದದ್ದು ಹೇಳಿದ ಮಾತು ಕೇಳುತ್ತದೆ.

ಇದೆಲ್ಲ ಥಾಮಸ್‌ಗೆ ಏಳು ವರ್ಷದಲ್ಲಿ ಕೈಗೆ ಹತ್ತಿತು. ಜೊತೆಗೆ ಇನ್ನೊಂದು ಅದೃಷ್ಟವೂ ಬಂತು. ನ್ಯೂಕಾಸಲ್‌ನಲ್ಲಿ ಚಾರ್ಲ್ಸ್ ಹಟನ್ ಎಂಬ ಗಣಿತದ ಮೇಷ್ಟ್ರು ಅಳತೆಯ ಲೆಕ್ಕಗಳ ಒಂದು ದೊಡ್ಡ ಪುಸ್ತಕ ಬರೆಯುತ್ತಿದ್ದರು. ಅದರ ಆಕೃತಿಗಳನ್ನು ಮರದಲ್ಲಿ ಕೆತ್ತಬೇಕಿತ್ತು. ಬೀಲ್ಬಿ ಅವರಿಗೆ ಮರದ ಕೆಲಸ ಇಷ್ಟವಿರಲಿಲ್ಲ. ಆಗಿನ ಕಾಲದಲ್ಲಿ ಅದು ಅಗ್ಗದ ಕೆಲಸ, ಲಾವಣಿ ಹಾಳೆಗಳಿಗೆ ಸಾಕಾಗುವಂಥದ್ದು. ಹುಡುಗನ ಕೈಗೆ ಕೊಟ್ಟುಬಿಟ್ಟರು. ಹೀಗೆ ಥಾಮಸ್ ಮರದ ಮೇಲೆ ಮೊದಲು ಕೆತ್ತಿದ್ದರಲ್ಲಿ ತ್ರಿಕೋನ, ವೃತ್ತಗಳೇ ಹೆಚ್ಚು. ನಮ್ಮ ಅಪ್ಪನಿಗೆ ಈ ಭಾಗ ಬಹಳ ಇಷ್ಟವಾಯಿತು. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಇಲ್ಲಿ ಲೋಹಕ್ಕೂ ಮರಕ್ಕೂ ಇರುವ ವ್ಯತ್ಯಾಸ ಹೇಳಬೇಕು. ತಾಮ್ರದ ತಗಡಿನಲ್ಲಿ ಕೆತ್ತಿದ ಗೆರೆಯೊಳಗೆ ಶಾಯಿ ನಿಲ್ಲುತ್ತದೆ. ಮೇಲ್ಭಾಗವನ್ನು ಒರೆಸಿ, ಒದ್ದೆ ಕಾಗದ ಇಟ್ಟು, ಎರಡು ಉರುಳೆಗಳ ನಡುವೆ ಒತ್ತಿದರೆ ಕೆತ್ತಿದ ಗೆರೆ ಕಪ್ಪಾಗಿ ಮೂಡುತ್ತದೆ. ಚಿತ್ರ ಬಹಳ ನಾಜೂಕು, ಆದರೆ ಅಕ್ಷರದ ಮೊಳೆಗಳ ಜೊತೆ ಅದನ್ನು ಅಚ್ಚು ಮಾಡಲು ಆಗುವುದಿಲ್ಲ. ಬೇರೆ ಯಂತ್ರ, ಬೇರೆ ಹಾಳೆ, ಖರ್ಚು ಜಾಸ್ತಿ. ಮರದಲ್ಲಿ ಇದಕ್ಕೆ ಉಲ್ಟಾ. ಕೆತ್ತಿದ ಜಾಗ ಬಿಳಿ, ಉಳಿಸಿದ ಜಾಗ ಕಪ್ಪು. ಮರದ ತುಂಡನ್ನು ಮೊಳೆಯಷ್ಟೇ ಎತ್ತರಕ್ಕೆ ಮಾಡಿದರೆ ಚಿತ್ರ, ಮಾತು ಎರಡನ್ನೂ ಒಂದೇ ಪುಟದಲ್ಲಿ ಒಟ್ಟಿಗೆ ಅಚ್ಚು ಮಾಡಬಹುದು.

ಹಿಂದಿನವರು ಹಲಗೆಯ ಉದ್ದಕ್ಕೆ ಚಾಕುವಿನಿಂದ ಕೆತ್ತುತ್ತಿದ್ದರು. ಗೆರೆಗಳು ದಪ್ಪ ದಪ್ಪವಾಗಿ ಬರುತ್ತಿದ್ದವು. ಥಾಮಸ್ ಬಾಕ್ಸ್‌ವುಡ್ ಎಂಬ ಬಲು ಗಟ್ಟಿ ಮರದ ಕಾಂಡವನ್ನು ಅಡ್ಡಲಾಗಿ ಕೊಯ್ದು, ಉಂಗುರಗಳು ಕಾಣುವ ಆ ಮುಖದ ಮೇಲೆ, ಲೋಹಕ್ಕೆ ಬಳಸುವ ಉಳಿಯಿಂದಲೇ ಕೆತ್ತಿದ. ಇದನ್ನು ಮೊದಲು ಮಾಡಿದವನು ಅವನಲ್ಲ. ಆದರೆ ಬೆಳ್ಳಿಯ ಮೇಲೆ ಕೂದಲೆಳೆಯಂಥ ಗೆರೆ ಎಳೆದು ಪಳಗಿದ ಕೈ ಅವನದು. ಆ ನಾಜೂಕನ್ನು ಮರಕ್ಕೆ ತಂದ. ಕತ್ತಲೆಯಿಂದ ಬೆಳಕನ್ನು ಒಂದೊಂದೇ ಗೆರೆಯಾಗಿ ಹೊರಗೆ ತೆಗೆದ ಹಾಗೆ, ಕಪ್ಪಿನೊಳಗಿಂದ ಬಿಳಿ ಗೆರೆಗಳಲ್ಲಿ ಗರಿ, ತುಪ್ಪಳ, ಹುಲ್ಲು ಮೂಡಿಸಿದ. ದೂರದ ಬೆಟ್ಟ, ಮಂಜು ತೆಳುವಾಗಿ ಕಾಣಬೇಕಾದಲ್ಲಿ ಮರದ ಮೇಲ್ಮೈಯನ್ನೇ ಸ್ವಲ್ಪ ತಗ್ಗಿಸಿ, ಶಾಯಿ ಕಡಿಮೆ ಒತ್ತುವ ಹಾಗೆ ಮಾಡಿದ.

1774ರಲ್ಲಿ ಏಳು ವರ್ಷ ಮುಗಿಯಿತು. ಸ್ವಲ್ಪ ದಿನದಲ್ಲೇ ಅವನ ಮರದ ಕೆತ್ತನೆಗಳಿಗೆ ಲಂಡನ್ನಿನ ಕಲೆಗಳ ಸೊಸೈಟಿಯಿಂದ ಬಹುಮಾನ ಬಂತು. ಪದಕ ಬೇಕೋ ಹಣ ಬೇಕೋ ಎಂಬ ಪ್ರಶ್ನೆ ಬಂದಾಗ ಹಣ ಸಾಕು ಎಂದ. ಏಳು ಗಿನಿ. ಅದನ್ನು ತಂದು ಅಮ್ಮನ ಕೈಯಲ್ಲಿಟ್ಟ.

ನನಗೆ ಅವನು ಅವರು ಆಗಿದ್ದು ಇಲ್ಲಿಂದ.

1776ರ ಬೇಸಿಗೆಯಲ್ಲಿ ಬ್ಯೂಯಿಕ್ ಅವರು ಬಟ್ಟೆಗೆ ಮೂರು ಗಿನಿ ಹೊಲಿದುಕೊಂಡು ಸ್ಕಾಟ್ಲೆಂಡಿನಲ್ಲಿ ನಡೆದೇ ಸುತ್ತಿದರು. ಅಕ್ಟೋಬರಿನಲ್ಲಿ ಲಂಡನ್ನಿಗೆ ಹೋದರು. ಅಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೆ ಬೀದಿಯಲ್ಲಿ ಹಣದ ಪಕ್ಕದಲ್ಲೇ ಬಡತನ ನೋಡಿ ಅವರಿಗೆ ಆ ಊರು ಸೇರಲಿಲ್ಲ. ಒಂದು ವರ್ಷವೂ ಆಗುವ ಮೊದಲೇ ವಾಪಸ್ ಬಂದರು. ದೊಡ್ಡ ಊರು ಬಿಟ್ಟು ಬಂದದ್ದು ತಪ್ಪು ಎಂದು ಸ್ನೇಹಿತರು ಅಂದುಕೊಂಡರು. ಬೀಲ್ಬಿ ಅವರು ತಮ್ಮ ಹಳೆಯ ಶಿಷ್ಯನನ್ನು ಪಾಲುದಾರರಾಗಿ ಮಾಡಿಕೊಂಡರು.

ಆಮೇಲಿನ ಎಂಟು ವರ್ಷ ಬ್ಯೂಯಿಕ್ ಅವರು ವಾರಕ್ಕೊಮ್ಮೆ ನಡೆದು ಚೆರ್ರಿಬರ್ನ್‌ಗೆ ಹೋಗಿ ಅಪ್ಪ ಅಮ್ಮನನ್ನು ನೋಡಿ ಬರುತ್ತಿದ್ದರು. ಮಳೆ, ಹಿಮ ಏನೇ ಇರಲಿ. ದಾರಿಯಲ್ಲಿ ಕಂಡ ಹಕ್ಕಿ, ಭಿಕ್ಷುಕ, ಮುರಿದ ಬೇಲಿ, ಹೊಳೆ ದಾಟುವ ಹಸು ಎಲ್ಲ ಅವರ ತಲೆಯಲ್ಲಿ ಉಳಿಯುತ್ತಿತ್ತು. ಹೊಳೆ ತುಂಬಿ ದಾಟಲು ಆಗದಿದ್ದರೆ ಈ ದಡದಲ್ಲೇ ನಿಂತು ಕೂಗಿ, ಚೆನ್ನಾಗಿದ್ದೀರಾ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಹಿಂದಿರುಗುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಭಾನುವಾರ ಬೆಳಿಗ್ಗೆ ನಮ್ಮ ಮನೆ ನೆನಪಾಯಿತು. ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಅಜ್ಜಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಅಜ್ಜಿಗೆ ಕಿವಿ ಸ್ವಲ್ಪ ಮಂದ. ನಾವೆಲ್ಲ ಕೂಗಿಯೇ ಮಾತಾಡುತ್ತೇವೆ.

1785ರಲ್ಲಿ ಬ್ಯೂಯಿಕ್ ಅವರ ಅಮ್ಮ ತೀರಿಕೊಂಡರು. ಅದೇ ವರ್ಷ ನವೆಂಬರ್ 15ರಂದು ಅಪ್ಪನೂ ಹೋದರು. ಪ್ರಾಣಿಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಮಾಡಬೇಕೆಂಬ ಯೋಚನೆ ಆಗಲೇ ಇತ್ತು. ಆ ಪುಸ್ತಕದ ಮೊದಲ ಮರದ ತುಂಡನ್ನು, ಒಂದು ಒಂಟೆಯ ಚಿತ್ರವನ್ನು, ಅವರು ಕೆತ್ತಲು ಶುರು ಮಾಡಿದ್ದು ಅಪ್ಪ ತೀರಿಕೊಂಡ ಆ ದಿನವೇ. ವಾರದ ನಡಿಗೆ ಅಲ್ಲಿಗೆ ನಿಂತಿತು. ಮರುವರ್ಷ ಓವಿಂಗ್‌ಹ್ಯಾಮ್‌ನ ಇಸಾಬೆಲ್ಲಾ ಎಲಿಯಟ್ ಅವರನ್ನು ಮದುವೆಯಾದರು.

ಹಗಲು ಅಂಗಡಿಯ ಕೆಲಸ, ರಾತ್ರಿ ದೀಪದ ಬೆಳಕಿನಲ್ಲಿ ಪುಸ್ತಕದ ಕೆಲಸ. ಹೀಗೆ ನಾಲ್ಕಾಲಿ ಪ್ರಾಣಿಗಳ ಪುಸ್ತಕ 1790ರಲ್ಲಿ ಹೊರಬಂತು. ಬರಹ ಹೆಚ್ಚಾಗಿ ಬೀಲ್ಬಿ ಅವರದು, ಚಿತ್ರ ಬ್ಯೂಯಿಕ್ ಅವರದು. ಜನ ಮುಗಿಬಿದ್ದು ಕೊಂಡರು. ಆದರೆ ಪುಸ್ತಕದ ಪ್ರಾಣಿಗಳೆಲ್ಲ ಒಂದೇ ಸಮ ಅಲ್ಲ. ದೂರ ದೇಶದ ಪ್ರಾಣಿಗಳನ್ನು ಬೇರೆಯವರ ಚಿತ್ರ ನೋಡಿ ಕೆತ್ತಿದ್ದರು. ಅವು ಸ್ವಲ್ಪ ಬೊಂಬೆಯ ಹಾಗೆ. ಊರಿನ ನಾಯಿ, ಕುದುರೆ, ನರಿಗಳಿಗೆ ಜೀವ ಇದೆ.

ಇದರ ನಡುವೆ 1789ರಲ್ಲಿ ಒಬ್ಬ ಶ್ರೀಮಂತರು ಚಿಲಿಂಗ್‌ಹ್ಯಾಮ್‌ನ ಕಾಡು ಹೋರಿಯ ಚಿತ್ರ ಕೇಳಿದರು. ಅಲ್ಲಿನ ಬಿಳಿ ಕಾಡು ದನಗಳು ಇವತ್ತಿಗೂ ಇವೆ. ಬ್ಯೂಯಿಕ್ ಅವರು ಹೋಗಿ ಹೋರಿಯನ್ನು ಕಣ್ಣಾರೆ ನೋಡಿ ಬಂದು, ತಮ್ಮ ಎಲ್ಲ ಕೆಲಸಕ್ಕಿಂತ ದೊಡ್ಡದಾಗಿ ಕೆತ್ತಿದರು. ಕೆಲವೇ ಪ್ರತಿಗಳು ಅಚ್ಚಾದ ಮೇಲೆ ಆ ಮರ ಸೀಳಿಹೋಯಿತು. ಮೊದಲು ತೆಗೆದ ಆ ಕೆಲವು ಪ್ರತಿಗಳಿಗೆ ಈಗ ಬಹಳ ಬೆಲೆ. ನನ್ನ ಲ್ಯಾಪ್‌ವಿಂಗ್‌ನ ಜುಟ್ಟು ಹಾಳಾದಾಗ ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅವರು ಮುಂದಿನ ಮರ ಎತ್ತಿಕೊಂಡು ಹಕ್ಕಿಗಳನ್ನು ಶುರು ಮಾಡಿದರು.

1791ರಲ್ಲಿ ಹಕ್ಕಿಗಳ ಚಿತ್ರಕ್ಕಾಗಿ ಯಾರ್ಕ್‌ಷೈರಿನ ವಿಕ್ಲಿಫ್‌ಗೆ ಹೋದರು. ಅಲ್ಲಿನ ಸಂಗ್ರಹಾಲಯದಲ್ಲಿ ಸತ್ತ ಹಕ್ಕಿಗಳ ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸಿದ್ದರು. ಸುಮಾರು ಎರಡು ತಿಂಗಳು ಕೂತು ಬರೆದರು. ಮನೆಗೆ ಬಂದು ನೋಡಿದರೆ ಆ ಚಿತ್ರಗಳಲ್ಲಿ ತಪ್ಪು ಕಾಣತೊಡಗಿತು. ತುಂಬಿದವರಿಗೆ ಹಕ್ಕಿ ಹೇಗೆ ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ. ಎರಡು ತಿಂಗಳ ಕೆಲಸದಲ್ಲಿ ಬಹುಪಾಲು ಪಕ್ಕಕ್ಕಿಟ್ಟು, ಜೀವಂತ ಹಕ್ಕಿ ಅಥವಾ ಆಗತಾನೆ ಸತ್ತ ಹಕ್ಕಿ ಸಿಗುವ ತನಕ ಕಾದರು. ಬೇಟೆಗಾರರು, ನಾವಿಕರು, ಸ್ನೇಹಿತರು ಹಕ್ಕಿಗಳನ್ನು ಕಳಿಸಿಕೊಟ್ಟರು. ಬುಲ್‌ಫಿಂಚ್‌ಗಾಗಿ ನೊಂದವರ ಮೇಜಿಗೆ ಈಗ ಗುಂಡು ತಿಂದ ಹಕ್ಕಿಗಳು ಬರುತ್ತಿದ್ದವು. ಇದನ್ನು ಹೇಗೆ ತಿಳಿಯಬೇಕೋ ನನಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಆದರೆ ಅವರ ಪುಸ್ತಕ ನೋಡಿದ ಎಷ್ಟೋ ಮಕ್ಕಳು ಹಕ್ಕಿಯನ್ನು ಹೊಡೆಯದೆ ನೋಡಲು ಕಲಿತಿರಬೇಕು ಎಂದುಕೊಂಡಿದ್ದೇನೆ.

ನೆಲದ ಹಕ್ಕಿಗಳ ಸಂಪುಟ 1797ರಲ್ಲಿ ಬಂತು. ಅದರ ಜೊತೆಗೆ ಜಗಳವೂ ಬಂತು. ಬೀಲ್ಬಿ ಅವರಿಗೆ ಮುಖಪುಟದಲ್ಲಿ ಲೇಖಕರೆಂದು ತಮ್ಮ ಹೆಸರು ಬೇಕಿತ್ತು. ಬ್ಯೂಯಿಕ್ ಅವರು ಒಪ್ಪಲಿಲ್ಲ. ಕೊನೆಗೆ ಲೇಖಕರ ಹೆಸರೇ ಇಲ್ಲದೆ, ಚಿತ್ರ ಕೆತ್ತಿದವರು ಬ್ಯೂಯಿಕ್ ಎಂದಷ್ಟೇ ಅಚ್ಚಾಯಿತು. ಇಪ್ಪತ್ತು ವರ್ಷದ ಪಾಲುದಾರಿಕೆ ಮುರಿಯಿತು. ಇಡೀ ಬದುಕು ಬೇರೆಯವರ ಹೆಸರು ಕೆತ್ತಿದ ಇಬ್ಬರು ತಮ್ಮ ಹೆಸರಿಗಾಗಿ ಬೇರೆಯಾದರು. ನೀರುಹಕ್ಕಿಗಳ ಸಂಪುಟಕ್ಕೆ ಬ್ಯೂಯಿಕ್ ಅವರೇ ಬರಹವನ್ನೂ ಬರೆದು 1804ರಲ್ಲಿ ಮುಗಿಸಿದರು.

ಆ ಪುಸ್ತಕಗಳಲ್ಲಿ ಅಧ್ಯಾಯ ಮುಗಿದ ಮೇಲೆ ಉಳಿದ ಖಾಲಿ ಜಾಗದಲ್ಲಿ ಬೆರಳುದ್ದದ ಸಣ್ಣ ಚಿತ್ರಗಳಿವೆ. ಹೊಳೆ ದಾಟುವ ಮುದುಕ, ಮಳೆಯಲ್ಲಿ ನಡೆಯುವವನು, ಮೀನು ಹಿಡಿಯುವವನು. ಶಾಲೆಯ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದ ಹುಡುಗನೇ ಇಲ್ಲಿ ಮತ್ತೆ ಕೂತಿದ್ದಾನೆ ಅನ್ನಿಸುತ್ತದೆ. ಒಂದು ಚಿತ್ರದಲ್ಲಿ ಮನೆ, ಮರಗಳ ಮೇಲೆ ಅವರದೇ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ ಕೆತ್ತಿದ್ದು. ಮುಂದೆ ಈಸೋಪನ ಕಥೆಗಳ ಪುಸ್ತಕ ಮಾರುವಾಗ ರಸೀದಿಯಲ್ಲೂ ಹೆಬ್ಬೆಟ್ಟಿನ ಗುರುತನ್ನೇ ಹಾಕಿದರು. 1847ರಲ್ಲಿ ಬಂದ ಜೇನ್ ಏರ್ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಪುಟ್ಟ ಜೇನ್ ಪರದೆಯ ಹಿಂದೆ ಕೂತು ನೋಡುವುದು ಇದೇ ಹಕ್ಕಿಗಳ ಪುಸ್ತಕವನ್ನು.

1827ರಲ್ಲಿ ಅಮೆರಿಕದ ಹಕ್ಕಿಗಳ ಚಿತ್ರಕಾರ ಆಡುಬಾನ್ ಅವರು ನ್ಯೂಕಾಸಲ್‌ಗೆ ಬಂದು ಬ್ಯೂಯಿಕ್ ಅವರನ್ನು ಕಂಡರು. ಆಡುಬಾನ್ ಅವರ 435 ಚಿತ್ರಗಳು ಅಚ್ಚಾದದ್ದು ತಾಮ್ರದ ದೊಡ್ಡ ದೊಡ್ಡ ತಗಡುಗಳಿಂದ, ಹಕ್ಕಿಗಳು ನಿಜವಾದ ಅಳತೆಯಲ್ಲೇ. ಬ್ಯೂಯಿಕ್ ಅವರ ಹಕ್ಕಿಗಳು ಅಂಗೈಯೊಳಗೆ ಹಿಡಿಯುವ ಮರದ ತುಂಡಿನವು. ಒಂದು ಶ್ರೀಮಂತರ ಗ್ರಂಥಾಲಯಕ್ಕೆ, ಇನ್ನೊಂದು ಮನೆಯ ಕಪಾಟಿಗೆ. ಆದರೂ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಬೆಳೆಯಿತು. ಅಮೆರಿಕದ ಒಂದು ಪುಟ್ಟ ರೆನ್ ಹಕ್ಕಿಗೆ ಆಡುಬಾನ್ ಅವರು ಬ್ಯೂಯಿಕ್ ಹೆಸರಿಟ್ಟರು. ಚಳಿಗಾಲದಲ್ಲಿ ಉತ್ತರದಿಂದ ಇಲ್ಲಿಗೆ ಹಾರಿ ಬರುವ ಒಂದು ಹಂಸಕ್ಕೂ ಈಗ ಅವರದೇ ಹೆಸರು.

ಕೊನೆಯ ದಿನಗಳಲ್ಲಿ ಅವರು ಕೆತ್ತುತ್ತಿದ್ದದ್ದು ಎಲುಬು ಕಾಣುವ ಒಂದು ಮುದಿ ಕುದುರೆಯನ್ನು. ಬಲ ಇದ್ದಾಗ ದುಡಿಸಿಕೊಂಡು, ವಯಸ್ಸಾದ ಮೇಲೆ ಬಿಟ್ಟುಬಿಟ್ಟ ಕುದುರೆ ಸಾವಿಗೆ ಕಾಯುತ್ತಾ ನಿಂತಿದೆ. ಪ್ರಾಣಿಗಳನ್ನು ಹಿಂಸಿಸುವವರ ಮನಸ್ಸು ಕರಗಲಿ ಎಂದು ಆ ಚಿತ್ರ. ಅದು ಮುಗಿಯಲಿಲ್ಲ. 1828ರ ನವೆಂಬರ್ 8ರಂದು, 75ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹುಡುಗನಾಗಿದ್ದಾಗ ಯಾವ ಸಮಾಧಿ ಕಲ್ಲುಗಳ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದಿದ್ದರೋ ಅದೇ ಓವಿಂಗ್‌ಹ್ಯಾಮ್ ಅಂಗಳದಲ್ಲಿ ಮಣ್ಣಾದರು. ಆತ್ಮಕಥೆಯನ್ನು ಮಗಳು ಜೇನ್ 1862ರಲ್ಲಿ ಅಚ್ಚು ಮಾಡಿಸಿದರು. ಚೆರ್ರಿಬರ್ನ್ ಮನೆ ಈಗ ವಸ್ತುಸಂಗ್ರಹಾಲಯ.

ಈಗ ನಮ್ಮ ಅಪ್ಪನ ವಿಷಯ. ಈ ವರ್ಷ ನಾನು ಎ ಲೆವೆಲ್‌ಗೆ ವಿಷಯಗಳನ್ನು ಆರಿಸಬೇಕಿತ್ತು. ಆರ್ಟ್ ತೆಗೆದುಕೊಳ್ಳುತ್ತೇನೆ ಎಂದಾಗ ಅಪ್ಪ ಬೇಡ ಅನ್ನಲಿಲ್ಲ, ಆದರೆ ಮೂರು ದಿನ ಮಾತು ಕಡಿಮೆ ಮಾಡಿದರು. ಅವರು ಇಲ್ಲಿಗೆ ಬಂದು ಎಷ್ಟು ಕಷ್ಟಪಟ್ಟಿದ್ದಾರೆ ಎಂದು ನನಗೆ ಗೊತ್ತು. ಅವರಿಗೆ ಭಯ ಇತ್ತು. ನಾನು ಈ ಲೇಖನಕ್ಕೆ ಓದುತ್ತಾ ಹಟನ್ ಅವರ ಗಣಿತದ ಪುಸ್ತಕದ ಕಥೆ ಹೇಳಿದೆ. ಅಪ್ಪ ನಕ್ಕು, ಹಾಗಾದರೆ ಗಣಿತವೂ ಇರಲಿ ಎಂದರು. ಗಣಿತ, ಜೀವಶಾಸ್ತ್ರ, ಆರ್ಟ್ ಎಂದು ಒಪ್ಪಂದವಾಯಿತು. ಕಳೆದ ವಾರ ಅಪ್ಪ ಪಾರ್ಸೆಲ್ ಒಂದನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು. ಬಿಚ್ಚಿದರೆ ಒಂದು ಒಳ್ಳೆಯ ಸಾಣೆಕಲ್ಲು.

ಹತ್ತು ವರ್ಷ ಭಾನುವಾರಗಳಲ್ಲಿ ಕಾಗುಣಿತ ತಿದ್ದಿಸುವಾಗ ನನಗೆ ಬೇಜಾರಾಗಿದ್ದು ನಿಜ. ಬೀಲ್ಬಿ ಅವರ ಅಂಗಡಿಯ ಹುಡುಗನಿಗೂ ಹಾಗೇ ಅನ್ನಿಸಿರಬೇಕು. ಅವನಿಗೆ ಲೋಹದ ಮೇಲೆ ಪಳಗಿದ ಉಳಿ ಮರದ ಮೇಲೆ ಉಪಯೋಗಕ್ಕೆ ಬಂತು. ಊರಿನಲ್ಲಿ ಕಲಿಯಬೇಕಾದ ಅಕ್ಷರಗಳನ್ನು ನೀವೆಲ್ಲ ಇಲ್ಲಿ, ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು, ಕುರ್ಚಿ ಜೋಡಿಸಿ, ನಮ್ಮ ಕೈಗೆ ಕೊಟ್ಟಿರಿ. ಅದರಿಂದಲೇ ಇವತ್ತು ಇಲ್ಲಿನ ಹೊಳೆ, ಇಲ್ಲಿನ ಹಕ್ಕಿ, ಇಲ್ಲಿನ ಒಬ್ಬ ಕೆತ್ತನೆಗಾರರ ಬದುಕನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾಯಿತು. ನಮ್ಮ ಟೀಚರುಗಳಿಗೂ ಎಲ್ಲ ಅಪ್ಪ ಅಮ್ಮಂದಿರಿಗೂ ನನ್ನ ನಮಸ್ಕಾರ.

ಮುಂದಿನ ರಜೆಗೆ ಊರಿಗೆ ಹೋಗುವಾಗ ಅಜ್ಜಿಗೆ ಒಂದು ತಾಮ್ರದ ತಗಡು ತೆಗೆದುಕೊಂಡು ಹೋಗುತ್ತೇನೆ. ಅದರ ಮೇಲೆ ಒಂದು ಟಿಟ್ಟಿಭ, ಕೆಳಗೆ ಅವರ ಹೆಸರು. ಜುಟ್ಟನ್ನು ಮಾತ್ರ ಕೊನೆಯಲ್ಲಿ ಕೆತ್ತುತ್ತೇನೆ.